ಪೂಜೆಗಿಟ್ಟ ಚಾವಿ

ಆ ಚಾವಿ ನನ್ನ ಹತ್ತಿರ ಇತ್ತು, ಮಾಬುಸಾಬ ಕಾಕಾ. ನೀವು ಒಯ್ದಿರಲಿಲ್ಲ, ಕಳೆದಿರಲಿಲ್ಲ. ನಾನೇ ಒಯ್ದಿದ್ದೆ. ಒಯ್ದದ್ದು ಗೊತ್ತಿದ್ದೂ ಎಲ್ಲರ ಮುಂದೆ ನಿಮ್ಮ ಕಡೆ ಬೆರಳು ಮಾಡಿದೆ. ಇಷ್ಟು ಬರೆಯುವುದಕ್ಕೆ ನನಗೆ ಇಷ್ಟು ವರ್ಷ ಹಿಡಿಯಿತು.

ಯಾವ ಕಚೇರಿ, ಯಾವ ಊರು ಅಂತ ಇಲ್ಲಿ ಹೇಳುವುದಿಲ್ಲ. ತಪ್ಪು ಕಟ್ಟಡದ್ದಲ್ಲ, ನನ್ನದು. ಓದುವವರಿಗೆ ಇಷ್ಟು ಗೊತ್ತಾದರೆ ಸಾಕು — ಬಾಗಲಕೋಟೆ ಕಡೆಯ ಒಂದು ಸರ್ಕಾರಿ ಕಟ್ಟಡ, ನಾನು ಅದರ ಮೇಲಿನ ಅಂತಸ್ತಿನ ಗುಮಾಸ್ತೆ, ನೀವು ಇಳಕಲ್ಲಿನಿಂದ ದಿನಾ ಬಸ್ಸಿಗೆ ಬರುತ್ತಿದ್ದ ಏಜೆನ್ಸಿಯ ಗಾರ್ಡ್. ಮೇಲಿನ ವರಾಂಡದ ತುದಿಗೆ ಒಂದು ಕಬ್ಬಿಣದ ಬಾಗಿಲು, ಅದರಾಚೆ ಹಿತ್ತಲಿಗೆ ಇಳಿಯುವ ಮೆಟ್ಟಿಲು. ಬೆಂಕಿಗಿಂಕಿ ಬಿದ್ದರೆ ಮಂದಿ ಇಳಿದು ಹೋಗಲಿ ಅಂತ ಮಾಡಿದ್ದು. ತೆರೆದಿಟ್ಟರೆ ಗುಟ್ಕಾ ಉಗುಳುವವರ ಹಾದಿಯಾಗುತ್ತದೆ ಅಂತ ಅದಕ್ಕೆ ಸದಾ ಕೀಲಿ. ಕೀಲಿಯ ಚಾವಿ ಪಕ್ಕದ ಗೋಡೆಯ ಮೇಲೆ, ಗಾಜಿನ ಮುಚ್ಚಳದ ಕೆಂಪು ಪೆಟ್ಟಿಗೆಯಲ್ಲಿ. ಆ ಪೆಟ್ಟಿಗೆ ನೋಡಿಕೊಳ್ಳುವ ಕೆಲಸ ನಿಮ್ಮದು. ನಿಮ್ಮ ಮೇಲೆ, ಇಡೀ ಕಟ್ಟಡದ ಸುರಕ್ಷತೆ ನೋಡಿಕೊಳ್ಳಬೇಕಾದವಳು ಅಂತ ಸಾಹೇಬರು ಹೆಸರು ಬರೆದಿದ್ದು ನನ್ನದು. ಎಲ್ಲರೂ ಒಲ್ಲೆ ಅಂದ ಕೆಲಸ ಹೊಸಬಳ ತಲೆಗೆ ಬಂದಿತ್ತು, ಅಷ್ಟೇ.

ಆ ವರ್ಷ ದಸರೆಯ ಖಂಡೆ ಪೂಜೆಗೆ ನಾನು ಭಾಳ ಹುರುಪಿನಿಂದ ನಿಂತಿದ್ದೆ. ಕಂಪ್ಯೂಟರಿಗೆ ವಿಭೂತಿ, ಪ್ರಿಂಟರಿಗೆ ಕುಂಕುಮ, ಜೀಪಿಗೆ ಚೆಂಡುಹೂವಿನ ಮಾಲೆ. ಬೆಂಕಿ ನಂದಿಸುವ ಕೆಂಪು ಸಿಲಿಂಡರುಗಳನ್ನೂ ಸಾಲಾಗಿ ನಿಲ್ಲಿಸಿ ಕೊರಳಿಗೆ ಅರಿಷಿಣದ ದಾರ ಕಟ್ಟಿಸಿದ್ದೆ. ಕಚೇರಿಯ ಅಷ್ಟೂ ಚಾವಿಗಳು ಅದೇ ದಾರ ಕಟ್ಟಿಸಿಕೊಂಡು ಒಂದು ತಾಟಿನಲ್ಲಿ ಕೆಂಪು ವಸ್ತ್ರದ ಮೇಲೆ ದೇವಿಯ ಮುಂದೆ ಇರಬೇಕು ಅಂತ ನನ್ನ ಹಟ. ಎಲ್ಲ ಚಾವಿ ಬಂದವು. ನೀವು ಮಾತ್ರ ಪೆಟ್ಟಿಗೆಯ ಮುಂದೆ ನಿಂತು ತಲೆ ಕೆರೆದುಕೊಂಡಿರಿ.

“ಇದೊಂದು ಬ್ಯಾಡ್ರಿ ಅಕ್ಕಾರ. ಇದು ಇಲ್ಲೇ ಇರಲಿ.”

“ಇಲ್ಲೇ ಇರಲಿ ಅಂದ್ರ? ದೇವಿಗಿಂತ ನಿಮ್ಮ ಪೆಟಗಿ ದೊಡ್ಡದೇನ್ರಿ? ಪೂಜಿ ಮುಗಿದ ಮ್ಯಾಲೆ ನಾನ ತಂದು ಇಡ್ತೇನಿ, ಕೊಡ್ರಿ.”

ಕೊಟ್ಟಿರಿ. ನನ್ನ ಬಾಯಿ ಜೋರು ಅಂತ ಇಡೀ ಕಚೇರಿಗೆ ಗೊತ್ತಿತ್ತು, ನಿಮಗೂ ಗೊತ್ತಿತ್ತು. ಪೂಜೆಗಿಟ್ಟಿದ್ದನ್ನು ಬನ್ನಿ ಮುಡಿಯುವ ತನಕ ಮುಟ್ಟಬಾರದು ಅನ್ನುವುದು ನಮ್ಮ ಮನೆಯ ಪದ್ಧತಿ. ಅದನ್ನೇ ಕಚೇರಿಗೂ ತಂದೆ. ರಜೆ ಮುಗಿಸಿ ಬಂದ ದಿನ ಎಲ್ಲರೂ ತಮ್ಮ ತಮ್ಮ ಚಾವಿ ಕೇಳಿ ತೆಗೆದುಕೊಂಡರು. ಕಪಾಟಿನದು, ಜೀಪಿನದು, ಸಾಹೇಬರ ಕೋಣೆಯದು. ವಸ್ತ್ರದ ಮಡಿಕೆಯಲ್ಲಿ ಉಳಿದದ್ದು ಒಂದು. ಅದಿಲ್ಲದೆ ಯಾರ ಕೆಲಸವೂ ನಿಲ್ಲುವಂತಿರಲಿಲ್ಲ ನೋಡಿ… ತಾಟು, ವಸ್ತ್ರ, ಅಳಿದುಳಿದ ಊದಿನಕಡ್ಡಿ ಎಲ್ಲ ಚೀಲಕ್ಕೆ ತುಂಬಿ ಕಮತಗಿಯ ನಮ್ಮ ಮನೆಗೆ ಒಯ್ದೆ. ಚಾವಿಯೂ ಅದರೊಳಗೇ ಹೋಯಿತು.

ಆ ದಿನವೇ ನೀವು ನನ್ನ ಟೇಬಲ್ಲಿಗೆ ಬಂದು ಬನ್ನಿ ಎಲೆ ಕೊಟ್ಟು, ಬಂಗಾರದಂಗ ಇರೂಣ್ರಿ ಅಕ್ಕಾರ ಅಂದಿರಿ. ಆಮೇಲೆ ಮೆಲ್ಲಗೆ, ಆ ಚಾವಿ ಅಂದಿರಿ. ತರ್ತೇನಿ ಅಂದೆ. ಮುಂದಿನ ವಾರ ಮತ್ತೆ ಕೇಳಿದಿರಿ. ಅದರ ಮುಂದಿನ ವಾರವೂ. ಆಗ ನಾನು ಏನಂದೆ ಅಂತ ನಿಮಗೆ ನೆನಪಿದೆಯೋ ಇಲ್ಲವೋ, ನನಗಿದೆ. “ಒಂದು ಚಾವಿ ಸಲುವಾಗಿ ಎಷ್ಟ ಸಲ ಗಂಟು ಬೀಳ್ತೀರಿ? ಅದೇನು ಓಡಿ ಹೊಕ್ಕೈತೇನು?” ಯಾವ ಚಾವಿ ಅಂತ ಕೇಳದೆಯೇ ಪಕ್ಕದ ಟೇಬಲ್ಲಿನವರು ನಕ್ಕರು. ನೀವು ಮತ್ತೆ ಕೇಳಲಿಲ್ಲ. ಗಾಜಿನ ಪೆಟ್ಟಿಗೆ ಖಾಲಿ ಇರುವುದು ಹೋಗಿ ಬರುವ ಎಲ್ಲರಿಗೂ ಕಾಣುತ್ತಿತ್ತು. ಕಂಡದ್ದು ನಿಮ್ಮೊಬ್ಬರಿಗೇ.

ಆಮೇಲೆ ಬೆಂಕಿಯ ಆ ದಿನ — ಊಟದ ಹೊತ್ತಿಗೆ ಮುಂಚೆ, ಮುಂದಿನ ಮೆಟ್ಟಿಲ ಕೆಳಗಿನ ಮೀಟರ್ ಬೋರ್ಡಿನಿಂದ ಹೊಗೆ ಎದ್ದಿತು. ಬೆಂಕಿ ದೊಡ್ಡದೇನಲ್ಲ, ಹೊಗೆ ದೊಡ್ಡದು. ಮೆಟ್ಟಿಲು ತುಂಬಿ ಮೇಲಿನ ಅಂತಸ್ತಿಗೆ ಬಂತು. ಪಿಂಚಣಿಗೆ, ಹೊಲದ ಉತಾರಕ್ಕೆ ಅಂತ ಬಂದಿದ್ದ ಮಂದಿ ಎಲ್ಲ ವರಾಂಡದ ತುದಿಗೆ ಓಡಿ ಕಬ್ಬಿಣದ ಬಾಗಿಲಿಗೆ ಬಿದ್ದರು. ನೀವು ಮೂಗಿಗೆ ಒದ್ದೆ ಟವೆಲ್ ಸುತ್ತಿಕೊಂಡು ಆ ಹೊಗೆಯೊಳಗಿಂದಲೇ ಮೇಲೆ ಬಂದಿರಿ. ಪೆಟ್ಟಿಗೆಯ ಕಡೆ ತಿರುಗಿಯೂ ನೋಡಲಿಲ್ಲ. ನೆಟ್ಟಗೆ ನನ್ನ ಹತ್ತಿರ ಬಂದಿರಿ.

“ಚಾವಿ ಕೊಡ್ರಿ ಅಕ್ಕಾರ.”

ಆ ಕೂಗಾಟದಲ್ಲಿ ಅದು ನನಗೊಬ್ಬಳಿಗೇ ಕೇಳಿಸಿತು. ನಾನು ಎರಡೂ ಕೈ ಬಿಚ್ಚಿ ತೋರಿಸಿದೆ, ಅಷ್ಟೇ. ನೀವು ಅರಿಷಿಣದ ದಾರ ಕಟ್ಟಿದ ಸಿಲಿಂಡರ್ ಎತ್ತಿ ಅದರ ಬುಡದಿಂದ ಕೀಲಿಯನ್ನು ಬಡಿಯಲು ಶುರು ಮಾಡಿದಿರಿ. ಕೀಲಿ ಗಟ್ಟಿಯಿತ್ತು. ಹೊಡೆಯುತ್ತಲೇ ಇದ್ದಿರಿ. ಅಷ್ಟರಲ್ಲಿ ಕೂಡಲಸಂಗಮದ ಕಡೆಯಿಂದ ಬಂದಿದ್ದ ಸಂಗವ್ವ ಅನ್ನುವ ಮುದುಕಿ, ಉಸಿರು ಕಟ್ಟಿ, ವರಾಂಡದ ಕಟ್ಟೆ ದಾಟಿ ಕೆಳಗೆ ಜಿಗಿದಳು. ಆಕೆ ಬಿದ್ದ ಸಪ್ಪಳವೂ ಕೀಲಿ ಮುರಿದ ಸಪ್ಪಳವೂ ಹೆಚ್ಚುಕಡಿಮೆ ಒಟ್ಟಿಗೇ ಕೇಳಿಸಿದವು. ಉಳಿದವರೆಲ್ಲ ನೀವು ತೆರೆದ ಬಾಗಿಲಿನಿಂದ ಇಳಿದು ಬದುಕಿದೆವು. ನಾನೂ ಇಳಿದೆ. ಸಂಗವ್ವನನ್ನು ದವಾಖಾನೆಗೆ ಒಯ್ದರು. ಟೊಂಕದ ಎಲುಬು ಮುರಿದಿತ್ತು. ಆಕೆ ಈಗಲೂ ಕೋಲು ಹಿಡಿದೇ ನಡೆಯುತ್ತಾಳೆ ಅಂತ ಕೇಳಿದ್ದೇನೆ — ಹೋಗಿ ನೋಡಿಲ್ಲ.

ವಿಚಾರಣೆಗೆ ಮೇಲಿನ ಅಧಿಕಾರಿ ಬಂದರು. ನಮ್ಮೆಲ್ಲರನ್ನೂ ಸಭಾಂಗಣದಲ್ಲಿ ಕೂಡಿಸಿದ್ದರು. ನೀವು ಗೋಡೆಗೆ ಆತು ನಿಂತಿದ್ದಿರಿ, ಅಂಗೈಗೆ ಬಟ್ಟೆ ಸುತ್ತಿತ್ತು. ಪೆಟ್ಟಿಗೆಯ ಚಾವಿ ಯಾರ ಕಡೆ ಇರುತ್ತದೆ ಅಂತ ಅವರು ಕೇಳಿದ್ದು ನನ್ನನ್ನು. ನಾನು ಎದ್ದು ನಿಂತು ಹೇಳಿದೆ:

“ಅದು ಗಾರ್ಡ್ ಕಡೆ ಇರ್ತದ್ರಿ ಸರ್. ಅವರನ್ನ ಕೇಳ್ರಿ.”

ಸುಳ್ಳು ಅಂತ ಯಾರೂ ಹಿಡಿಯಲಾರದ ಮಾತು. ಇರುವುದು ಗಾರ್ಡ್ ಕಡೆಯೇ. ಆ ದಿನ ಎಲ್ಲಿತ್ತು ಅಂತ ನಾನು ಹೇಳಲಿಲ್ಲ, ಅವರೂ ಕೇಳಲಿಲ್ಲ. ಇಂಥ ಮಾತು ಜೋಡಿಸುವ ಬುದ್ಧಿ ಅಷ್ಟು ಬೇಗ ನನಗೆ ಎಲ್ಲಿಂದ ಬಂತೋ, ಇವತ್ತಿಗೂ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ. ಅಧಿಕಾರಿ ನಿಮ್ಮ ಕಡೆ ತಿರುಗಿದರು. ನೀವು ನನ್ನನ್ನು ನೋಡಿದಿರಿ. ಸಿಟ್ಟಿನಿಂದಲ್ಲ, ಬಸ್ ಬರುವ ಹಾದಿ ನೋಡುವ ಹಾಗೆ. ನಾನು ಸೆರಗು ಸರಿಮಾಡಿಕೊಂಡೆ. ಕಡೆಗೆ ನೀವು, ಗೊತ್ತಿಲ್ರಿ ಸಾಹೇಬ್ರ ಅಂದಿರಿ.

ಗಂಡ ಸತ್ತ ಮೇಲೆ ಅನುಕಂಪದಲ್ಲಿ ಸಿಕ್ಕ ನೌಕರಿ, ಇನ್ನೂ ಕಾಯಂ ಆಗಿರಲಿಲ್ಲ — ಇದನ್ನು ಎಷ್ಟು ಸಲ ನನಗೆ ನಾನೇ ಹೇಳಿಕೊಂಡಿದ್ದೇನೋ. ನಿಮಗೂ ಮನೆಯಿತ್ತು, ನಿಮ್ಮ ಹೊಟ್ಟೆಯೂ ಆ ಪಗಾರದ ಮೇಲೇ ಇತ್ತು. ಸಾಕು, ಆ ಮಾತು ಇಲ್ಲಿಗೆ ಬಿಡುತ್ತೇನೆ.

ಹೊರಗೆ ಬಂದಾಗ ನೀವು ಮೆಟ್ಟಿಲ ಹತ್ತಿರ ನಿಂತಿದ್ದಿರಿ. “ನೀವ ಹೇಳ್ತೀರಿ ಅಂತ ಹಾದಿ ನೋಡಿದೆ, ಅಕ್ಕಾರ. ನಾ ಹೇಳಿದ್ರ ಪೂಜಿ ಮ್ಯಾಲೆ ತಪ್ಪು ಹಾಕ್ದ ಅಂತಿದ್ರು.” ಇಷ್ಟೇ. ಬೈದಿದ್ದರೆ ತಿರುಗಿ ಬೈದು ಹಗುರಾಗುತ್ತಿದ್ದೆನೋ ಏನೋ. ನೀವು ಬೈಯಲಿಲ್ಲ. ಏಜೆನ್ಸಿಯವರು ನಿಮ್ಮನ್ನು ತೆಗೆದುಹಾಕಿ ಗೇಟಿನ ಹತ್ತಿರವೇ ಸೀಟಿ, ಬೆಲ್ಟು, ಟೊಪ್ಪಿಗೆ ಇಸಿದುಕೊಂಡರು. ನಾನು ಕಿಟಕಿಯಿಂದ ನೋಡಿದೆ. ಅವತ್ತು ಸಂಜೆ ಮನೆಗೆ ಹೋಗಿ ವಸ್ತ್ರ ಬಿಚ್ಚಿದರೆ ಚಾವಿ ಅದರೊಳಗೇ ಇತ್ತು, ಮೇಲಿನ ವಿಭೂತಿ ಇನ್ನೂ ಅಳಿಯದೆ. ಜೋಳದ ಡಬ್ಬಿಯ ತಳಕ್ಕೆ ಹುಗಿದು, ಮೇಲೆ ಜೋಳ ಸುರಿದೆ.

ಇಷ್ಟಕ್ಕೇ ಮುಗಿದಿದ್ದರೆ… ಮುಗಿಯಲಿಲ್ಲ. ನಮ್ಮ ಕಚೇರಿಯಲ್ಲಿ ನಿಮ್ಮ ಹೆಸರು ಒಂದು ಚೇಷ್ಟೆಯ ಮಾತಾಯಿತು, ಕಾಕಾ. ಸ್ಟೇಪ್ಲರ್ ಕಾಣದಿದ್ದರೆ, ಮಾಬುಸಾಬ ಒಯ್ದಿರಬೇಕ ನೋಡ್ರಿ. ಯಾರದೋ ಛತ್ರಿ ಕಳೆದರೆ, ಮಾಬುಸಾಬನ್ನ ಕೇಳ್ರಿ. ನಿಮ್ಮ ಮುಖವನ್ನೇ ನೋಡದ ಹೊಸ ಹುಡುಗಿಯರೂ ಅನ್ನುತ್ತಾರೆ. ವರ್ಷಕ್ಕೊಮ್ಮೆ ಬೆಂಕಿಯ ಅಣಕು ತಾಲೀಮು ಮಾಡಿಸಲು ಬರುವವರು ಅಂಗಳದಲ್ಲಿ ನಮ್ಮನ್ನು ನಿಲ್ಲಿಸಿ ಮೊದಲು ಹೇಳುವುದೇ ನಿಮ್ಮ ಕಥೆ: ಇಲ್ಲಿ ಒಬ್ಬ ಗಾರ್ಡ್ ಇದ್ದ, ಚಾವಿ ಎಲ್ಲೋ ಕಳೆದುಬಿಟ್ಟ, ಒಬ್ಬ ಅಜ್ಜಿ ಕಾಲು ಕಳಕೊಂಡಳು. ಮಂದಿ ತಲೆಯಾಡಿಸುತ್ತಾರೆ. ನಾನೂ ಆಡಿಸಿದ್ದೇನೆ. ಕೀಲಿ ಒಡೆದವರು ಯಾರು ಅಂತ ಆ ಕಥೆಯಲ್ಲಿ ಇಲ್ಲವೇ ಇಲ್ಲ.

ಹೋದ ತಿಂಗಳು ನೀವು ಯಾವುದೋ ದಾಖಲೆಗೆ ಬಂದಿದ್ದಿರಿ. ಗಡ್ಡ ಪೂರ್ತಿ ಬೆಳ್ಳಗಾಗಿದೆ. ಕೌಂಟರಿನ ಹುಡುಗಿಗೆ ನೀವು ಯಾರು ಅಂತ ಗೊತ್ತಿಲ್ಲ. ಪೆನ್ನು ಹುಡುಕುತ್ತಾ, ನಗುತ್ತಾ ಪಕ್ಕದವಳಿಗೆ ಅಂದಳು: “ಎಲ್ಲಿ ಹೋತಲೇ ನನ್ನ ಪೆನ್ನು, ಮಾಬುಸಾಬ ಒಯ್ದನೇನ?” ನಿಮ್ಮ ಮುಂದೆಯೇ. ನೀವು ನಿಮ್ಮ ಕಿಸೆಯಿಂದ ಪೆನ್ನು ತೆಗೆದು ಅವಳ ಮುಂದೆ ಇಟ್ಟಿರಿ. ಆಮೇಲೆ ತಲೆ ಎತ್ತಿ ನನ್ನನ್ನು ನೋಡಿದಿರಿ. ಅದೇ ನೋಟ. ಇನ್ನೂ ನೀವು ಹಾದಿ ನೋಡುತ್ತಿದ್ದಿರಿ. ನಾನು ಕಂಪ್ಯೂಟರಿನ ಕಡೆ ತಿರುಗಿ ಏನೋ ಒತ್ತಿದೆ. ಮೊದಲ ಸಲ ಅಂಜಿ ಮಾಡಿದೆ ಅನ್ನಬಹುದು. ಈ ಸಲ ನನ್ನ ನೌಕರಿ ಕಾಯಂ, ಬಡ್ತಿಯೂ ಆಗಿದೆ, ಅಂಜಿಕೆಯ ಹೆಸರೂ ಇಲ್ಲ. ಆದರೂ ಬಾಯಿ ಬಿಡಲಿಲ್ಲ. ಇಂಥವಳು ನಾನು.

ನಾಳೆ ಮತ್ತೆ ತಾಲೀಮು. ಈ ವರ್ಷ ಮೊದಲು ನಾಲ್ಕು ಮಾತಾಡಬೇಕಾದವಳು ನಾನೇ. ಡಬ್ಬಿಯ ಜೋಳ ಮೊರಕ್ಕೆ ಸುರಿದು ಚಾವಿ ತೆಗೆದಿದ್ದೇನೆ. ತುಕ್ಕು ಹಿಡಿದಿದೆ, ದಾರ ಮಾತ್ರ ಹಾಗೇ ಇದೆ. ಅದನ್ನು ಕೈಯಲ್ಲಿ ಹಿಡಿದು ಆ ಅಂಗಳದಲ್ಲಿ ಎಲ್ಲರ ಮುಂದೆ ಹೇಳುತ್ತೇನೆ — ಕೇಳಿದ್ದು ಯಾರು, ಒಯ್ದದ್ದು ಯಾರು, ಒಡೆದು ನಮ್ಮನ್ನು ಇಳಿಸಿದ್ದು ಯಾರು. ಆಮೇಲೆ ಸಾಹೇಬರ ಮುಂದೆ ಹೇಳುತ್ತೇನೆ, ಅವರು ಏನು ಮಾಡುತ್ತಾರೋ ಮಾಡಲಿ. ಸಂಗವ್ವನ ಮನೆಗೂ ಹೋಗುತ್ತೇನೆ, ಬಾಗಿಲಲ್ಲೇ ನಿಲ್ಲಿಸಿದರೂ ಸರಿ.

ನಿಮ್ಮನ್ನು ಬರ್ರಿ ಅಂತ ಕರೆಯುವ ಮುಖ ನನಗಿಲ್ಲ, ಕಾಕಾ. ಕ್ಷಮಿಸ್ರಿ ಅಂತಲೂ ಕೇಳುವುದಿಲ್ಲ. ನಾಳೆ ಕಡೆಗೆ ನಮ್ಮ ಹುಡುಗಿಯರಿಗೆ ಒಂದು ಮಾತು ಹೇಳಿ ಮುಗಿಸುತ್ತೇನೆ: ಇನ್ನ ಮ್ಯಾಲೆ ಈ ಕಚೇರಿಯೊಳಗ ಏನರ ಕಳದ್ರ, ನನ್ನ ಹೆಸರು ಹೇಳ್ರಿ.