ಸಂತೆ ಆಟೋದ ಚಿತ್ರದ ಮೇಡಂ

ಶಾಹೀನ್ ಚಿತ್ರ ಬರೆಯಲು ಕಲಿತದ್ದು ತಗಡಿನ ಟ್ರಂಕುಗಳ ಮೇಲೆ. ಚನ್ನಗಿರಿಯಲ್ಲಿ ಅವಳ ಅಪ್ಪ ಜಮಾಲ್ ಟ್ರಂಕ್ ಮಾಡುತ್ತಿದ್ದರು. ತಗಡು ಬಡಿದು, ಮಡಿಸಿ, ಚಿಲಕ ಕೂರಿಸಿ, ಹಸಿರು ಎನಾಮೆಲ್ ಬಳಿದು ಬಿಸಿಲಿಗಿಟ್ಟರೆ ಅವರ ಕೆಲಸ ಮುಗಿಯಿತು. ಮುಚ್ಚಳದ ಮೇಲಿನ ಚಿತ್ರ ಮಗಳದು. ಎರಡು ಗುಡ್ಡ, ನಡುವೆ ಹುಟ್ಟುವ ಸೂರ್ಯ, ಕೆಳಗೆ ಹಾವಿನಂತೆ ಹರಿದು ಬರುವ ನೀಲಿ ಹೊಳೆ, ಹೊಳೆಯ ಪಕ್ಕ ಒಂದು ಗುಡಿಸಲು, ಒಂದು ತೆಂಗಿನಮರ. ಹೈಸ್ಕೂಲು ಮುಗಿಸುವ ಹೊತ್ತಿಗೆ ಅವಳು ಇದನ್ನು ಯಾರ ಜೊತೆಗೋ ಮಾತಾಡುತ್ತಲೇ ಬರೆದು ಮುಗಿಸುವಷ್ಟು ಪಳಗಿದ್ದಳು. ಊರಿನ ಅದೆಷ್ಟೋ ಮದುಮಕ್ಕಳ ಸೀರೆ, ಹಾಸ್ಟೆಲ್ ಹುಡುಗರ ಚಕ್ಕುಲಿ ಆ ಗುಡ್ಡಗಳ ಕೆಳಗೇ ಇದ್ದವು.

ಟ್ರಂಕಿನ ಕಾಲ ಹೋಗಿ ಸೂಟ್‌ಕೇಸಿನ ಕಾಲ ಬಂದಾಗ ಜಮಾಲ್ ಪಾತ್ರೆಗಳಿಗೆ ಬೆಸುಗೆ ಹಾಕಲು ಕೂತರು, ಶಾಹೀನಳಿಗೆ ಮದುವೆಯಾಯಿತು. ಗಂಡ ಅನೀಸ್ ಅದೇ ಊರಿನವನು. ಗೂಡ್ಸ್ ಆಟೋದಲ್ಲಿ ಪ್ಲಾಸ್ಟಿಕ್ ಕೊಡ, ಬಕೆಟ್, ಚಾಪೆ ತುಂಬಿಕೊಂಡು ಸಂತೆಯಿಂದ ಸಂತೆಗೆ ಹೋಗುವ ವ್ಯಾಪಾರ. ಹೊನ್ನಾಳಿ, ನ್ಯಾಮತಿ, ಜಗಳೂರು, ನಡುವೆ ತ್ಯಾವಣಿಗೆ, ನಲ್ಲೂರು. ಒಳ್ಳೆಯ ಮನುಷ್ಯ, ಮಾತುಗಾರ, ಆದರೆ ಯಾರಾದರೂ ಕಷ್ಟ ಹೇಳಿಕೊಂಡರೆ ಕರಗಿ ನೀರಾಗುತ್ತಿದ್ದ. ಮಕ್ಕಳಿಬ್ಬರೂ ಶಾಲೆಗೆ ಸೇರಿದ ವರ್ಷ ಅತ್ತೆ ಸೈದಾಬೀ ಸೊಸೆಯನ್ನು ಕರೆದು, "ಮಕ್ಕಳನ್ನ ನಾನು ನೋಡ್ಕೋತೀನಿ. ನೀನು ಅವನ ಸಂಗಡ ಹೋಗು. ಒಬ್ನೇ ಹೋದ್ರೆ ಅರ್ಧ ಆಟೋ ಕೊಡಾನ ದಾನ ಮಾಡಿ ಬರ್ತಾನೆ" ಎಂದರು. ಶಾಹೀನ್ ಊರು ಸುತ್ತಲು ಹೊರಟದ್ದು ಹೀಗೆ.

ಸಂತೆಯಲ್ಲಿ ಬೆಳಿಗ್ಗೆ ಜನ, ಸಂಜೆ ಜನ. ಮಧ್ಯಾಹ್ನ ಯಾರೂ ಇಲ್ಲ. ಹೊನ್ನಾಳಿಯಲ್ಲಿ ಅಂಥದ್ದೊಂದು ಮಧ್ಯಾಹ್ನ ಗಂಡ ಹೆಂಡತಿ ಹೊಳೆಯ ದಂಡೆಯಲ್ಲಿ ಬುತ್ತಿ ಬಿಚ್ಚಿದ್ದರು. ಊಟವಾದ ಮೇಲೆ ಅನೀಸ್ ಆಟೋ ನೆರಳಲ್ಲಿ ಮಲಗಿದ. ಶಾಹೀನ್ ತನ್ನ ಪಾಡಿಗೆ ಒಂದು ರಟ್ಟಿನ ಡಬ್ಬಿಯನ್ನು ಬಿಚ್ಚಿ, ಅಪ್ಪನ ಮನೆಯಿಂದ ತಂದಿದ್ದ ಎನಾಮೆಲ್ ಡಬ್ಬಿಗಳನ್ನು ತೆರೆದು, ಬಹಳ ವರ್ಷಗಳ ನಂತರ ಆ ರಟ್ಟಿನ ಮೇಲೆ ತನ್ನ ಹಳೆಯ ಚಿತ್ರ ಬರೆಯತೊಡಗಿದಳು. ಮುಗಿಯುತ್ತ ಬಂದಾಗ ಹಿಂದಿನಿಂದ ಯಾರೋ ಕೆಮ್ಮಿದರು. ಕೊಡೆ ಹಿಡಿದ ಹಿರಿಯರು. ಷಣ್ಮುಖಪ್ಪ, ನಿವೃತ್ತ ಡ್ರಾಯಿಂಗ್ ಮೇಷ್ಟ್ರು.

"ಇದು ಯಾವ ಹೊಳೆಯಮ್ಮ?"

"ಇದೇ ರೀ. ನಿಮ್ಮೂರ ಹೊಳೆ."

"ಹೌದಾ? ಗುಡ್ಡ ಎಲ್ಲೈತೆ?"

ಶಾಹೀನ್ ತಲೆಯೆತ್ತಿದಳು. ಆಚೆ ದಡದಲ್ಲಿ ಗುಡ್ಡ ಇರಲಿಲ್ಲ. ಗುಡಿಸಲೂ ಇರಲಿಲ್ಲ. ಮಳೆಗಾಲದ ತುಂಗಭದ್ರೆ ನೀಲಿಯಾಗಿಯೂ ಇರಲಿಲ್ಲ. ಕೆಂಪು ಮಣ್ಣು ಕದಡಿದ ನೀರು, ಅದರ ಮೇಲೆ ಅಲ್ಲಲ್ಲಿ ಮೋಡದ ಬಿಳುಪು.

"ಕೈ ಬಾಳ ಚೆನ್ನಾಗೈತೆ" ಎಂದರು ಮೇಷ್ಟ್ರು. "ಆದ್ರೆ ನೀನು ನೋಡಿದ್ದು ಬರೀಲಿಲ್ಲ ತಾಯಿ, ಗೊತ್ತಿದ್ದದ್ದು ಬರ್ದಿ. ಮುಂದಿನ ವಾರ ಬಂದ್ರೆ ಇಲ್ಲೇ ಕುಂತ್ಕ. ನಾನೂ ಬರ್ತೀನಿ."

ವಾಪಸ್ ಬರುವಾಗ ದಾರಿಯುದ್ದಕ್ಕೂ ಶಾಹೀನ್ ಸಿಟ್ಟಿನಲ್ಲಿದ್ದಳು. "ಯಾರು ಕೇಳಿದ್ರು ಅವರನ್ನ? ನಾನು ಬರ್ದ ಟ್ರಂಕ್ ಎಷ್ಟು ಮನ್ಯಾಗವೆ ಗೊತ್ತೇನು ಅವರಿಗೆ?" ಅನೀಸ್ ಹೂಂಗುಟ್ಟಿದ. ಬೇರೆ ಏನು ಹೇಳಿದರೂ ಅಪಾಯವೆಂದು ಅವನಿಗೆ ತಿಳಿದಿತ್ತು. ಆದರೆ ಮರುವಾರ ಹೊನ್ನಾಳಿಯಲ್ಲಿ ಮಧ್ಯಾಹ್ನವಾಗುವುದೇ ತಡ, ಅವಳು ಬುತ್ತಿಯನ್ನೂ ಬಿಚ್ಚದೆ ದಂಡೆಗೆ ನಡೆದಳು. ಮೇಷ್ಟ್ರು ಆಗಲೇ ಬಂದು ಕಲ್ಲಿನ ಮೇಲೆ ಕೂತಿದ್ದರು. ಪಕ್ಕದಲ್ಲಿ ಒಂದು ವಾಟರ್ ಕಲರ್ ಪೆಟ್ಟಿಗೆ, ದಪ್ಪ ಹಾಳೆ, ಕುಡಿಯುವ ನೀರಿನ ಬಾಟಲಿ.

ಆ ಮಳೆಗಾಲ, ಅದರ ಬೆನ್ನಿಗೆ ಬಂದ ಚಳಿಗಾಲ, ಅವಳ ಶಾಲೆ ಆ ಹೊಳೆದಂಡೆಯೇ ಆಯಿತು. ಎನಾಮೆಲ್ ಬಳಿದರೆ ಕೆಳಗಿನದೆಲ್ಲ ಮುಚ್ಚಿಹೋಗುತ್ತದೆ, ನೀರಿನ ಬಣ್ಣ ಮುಚ್ಚುವುದಿಲ್ಲ. ತಪ್ಪು ಮಾಡಿದರೆ ತಪ್ಪು ಕಾಣುತ್ತಲೇ ಇರುತ್ತದೆ. ಮೊದಮೊದಲು ಹಾಳೆಗಳು ಒದ್ದೆಯಾಗಿ ಹಪ್ಪಳದಂತೆ ಎದ್ದವು. ಹೊಳೆ ಕೆಸರಾಯಿತು, ಆಕಾಶವೂ ಕೆಸರಾಯಿತು. ತೋಳು ಚಾಚಿ ಪೆನ್ಸಿಲ್ ಹಿಡಿದು, ಒಂದು ಕಣ್ಣು ಮುಚ್ಚಿ, ಹೆಬ್ಬೆರಳು ಸರಿಸುತ್ತ ದೂರದ ಮರ ಎಷ್ಟು ಎತ್ತರ, ಸೇತುವೆ ಎಷ್ಟು ಉದ್ದವೆಂದು ಅಳೆಯುವುದನ್ನು ಮೇಷ್ಟ್ರು ಕಲಿಸಿದರು. ಒಂದು ದಿನ ಅವಳು ಬರೆದ ನೀರನ್ನು ನೋಡಿ ಅವರು ತಮ್ಮ ತಿಂಡಿಯ ಡಬ್ಬಿಯಿಂದ ಒಂದು ಕೋಡುಬಳೆ ತೆಗೆದು ಅವಳ ಕೈಗಿಟ್ಟರು.

ಅಲ್ಲಿಂದ ಮುಂದೆ ಅನೀಸನ ಕಷ್ಟ ಶುರುವಾಯಿತು. ಆಟೋ ಓಡುತ್ತಿರುವಾಗ ಪಕ್ಕದಿಂದ ಏಕಾಏಕಿ ಕೂಗು: "ನಿಲ್ಸ್ರಿ, ನಿಲ್ಸ್ರಿ!" ಅವನು ಗಾಬರಿಯಿಂದ ಬ್ರೇಕ್ ಹಾಕಿದರೆ, ತ್ಯಾವಣಿಗೆಯ ಗದ್ದೆಯಲ್ಲಿ ಕೊಕ್ಕರೆಗಳು ಕೂತಿವೆ. ಅಥವಾ ಬೆಳಗಿನ ಮಂಜಿನಲ್ಲಿ ಇಟ್ಟಿಗೆ ಭಟ್ಟಿಯ ಹೊಗೆ ನೇರ ಮೇಲೇಳುತ್ತಿದೆ. "ಟೈರ್ ಹೋತೇನೋ ಅಂದ್ಕಂಡೆನಲ್ಲೇ ಮಾರಾಯ್ತಿ!" ಎಂದು ಅವನು ಬೈಯುತ್ತಿದ್ದ. ಕಡೆಗೆ ಬೈಯುವುದು ಬಿಟ್ಟು ಮನೆಯಿಂದ ಬೇಗ ಹೊರಡುವುದನ್ನು ರೂಢಿ ಮಾಡಿಕೊಂಡ. ಅವಳು ಬರೆಯುತ್ತ ಕೂತ ಕಡೆ ಜನ ಸೇರುತ್ತಾರೆ, ಸೇರಿದವರಿಗೆ ಕೊಡವೂ ಬೇಕಾಗುತ್ತದೆ ಎಂಬುದು ಅವನಿಗೆ ಬೇಗನೇ ಹೊಳೆಯಿತು.

ಸೇರಿದವರಲ್ಲಿ ಮಕ್ಕಳೇ ಹೆಚ್ಚು. "ನಮಗೂ ಹೇಳ್ಕೊಡ್ರಿ ಮೇಡಂ" ಎಂದರೆ ಅವಳು ಇಲ್ಲವೆನ್ನುತ್ತಿರಲಿಲ್ಲ. ನ್ಯಾಮತಿಯಲ್ಲಿ ಇದನ್ನು ನೋಡಿದ ಸುನಿತಾ ಎಂಬ ಟೀಚರ್, ಸೂರಗೊಂಡನಕೊಪ್ಪದಿಂದ ದಿನಾ ಸ್ಕೂಟಿಯಲ್ಲಿ ಬರುವವಳು, ತನ್ನ ಶಾಲೆಗೇ ಕರೆದಳು. "ಸಂತೆ ದಿನ ಒಂದು ಪೀರಿಯಡ್ ನಮಗೆ ಕೊಟ್ಬಿಡ್ರಿ. ನಮ್ಮಲ್ಲಿ ಡ್ರಾಯಿಂಗ್ ಟೀಚರ್ ಇಲ್ಲ."

ಮೊದಲ ದಿನ ಶಾಹೀನ್, "ನಿಮಗೆ ಇಷ್ಟ ಬಂದ ಜಾಗ ಬರೀರಿ" ಎಂದಳು. ಹಾಳೆಗಳನ್ನು ಒಟ್ಟುಮಾಡಿದಾಗ ಅವಳಿಗೆ ನಗು ತಡೆಯಲಾಗಲಿಲ್ಲ. ಇಡೀ ತರಗತಿ ಎರಡು ಗುಡ್ಡ, ನಡುವೆ ಸೂರ್ಯ, ಗುಡಿಸಲು, ತೆಂಗಿನಮರ ಬರೆದಿತ್ತು. ಇದಕ್ಕೆ ಮದ್ದು ತನಗೆ ಗೊತ್ತಿದೆ ಎಂದುಕೊಂಡು ಎಲ್ಲರನ್ನೂ ಬಯಲಿಗೆ ಕರೆತಂದಳು. ಮೇಷ್ಟ್ರ ಗತ್ತಿನಲ್ಲೇ ಕೇಳಿದಳು: "ಎಲ್ಲೈತೆ ತೋರಿಸ್ರಿ ನೋಡಣ, ಎರಡು ಗುಡ್ಡ?"

"ಅಲ್ಲೈತಲ್ಲ ಟೀಚರ್!" ಎಂದು ಮಕ್ಕಳು ಒಟ್ಟಿಗೆ ಕೈ ತೋರಿಸಿದರು.

ನಿಜ. ನ್ಯಾಮತಿಯ ಆಚೆ ಗುಡ್ಡಗಳಿದ್ದವು. ಆ ಕಡೆಯಿಂದ ನೋಡಿದರೆ ಸರಿಯಾಗಿ ಎರಡು. ಸಂಜೆಯಾಗುತ್ತ ಬಂದಿದ್ದರಿಂದ ಸೂರ್ಯನೂ ಅವುಗಳ ನಡುವೆಯೇ ಇಳಿಯುತ್ತಿದ್ದ. ಸುನಿತಾ ಬಾಯಿಗೆ ಸೆರಗು ಒತ್ತಿಕೊಂಡಳು. ಶಾಹೀನ್ ಸೋಲೊಪ್ಪಿಕೊಂಡು ನೆಲದ ಮೇಲೆ ಕೂತೇಬಿಟ್ಟಳು. "ಆತು, ನೀವೇ ಗೆದ್ರಿ. ಆದ್ರೆ ಆ ಗುಡ್ಡ ಹಸಿರೈತೋ, ನೇರಳೆ ಐತೋ? ಎರಡೂ ಒಂದೇ ಎತ್ತರ ಅದಾವೋ? ಸರಿಯಾಗಿ ನೋಡಿ ಹೇಳ್ರಿ." ಗುಡ್ಡ ನೇರಳೆಯೆಂದು ಅರ್ಧ ಮಕ್ಕಳು, ಬೂದಿಬಣ್ಣವೆಂದು ಇನ್ನರ್ಧ ಮಕ್ಕಳು ವಾದಕ್ಕಿಳಿದರು. ಗಂಟೆ ಹೊಡೆದರೂ ಯಾರೂ ಏಳಲಿಲ್ಲ.

ಆದರೆ ಅವಳ ಹೆಸರು ನಾಲ್ಕು ತಾಲ್ಲೂಕಿಗೆ ಹಬ್ಬಿದ್ದು ಜಗಳೂರಿನ ಗಲಾಟೆಯಿಂದ.

ಹುಣಸೆ ಹಣ್ಣಾಗುವ ಕಾಲ. ಜಗಳೂರು ಇನ್ನೂ ಸ್ವಲ್ಪ ದೂರವಿದೆ ಎನ್ನುವಾಗ ರಸ್ತೆಯ ಪಕ್ಕ ಮೆಕ್ಕೆಜೋಳ ಕೊಯ್ದ ಬೋಳು ಹೊಲಗಳ ನಡುವೆ ಒಂದೇ ಒಂದು ಹುಣಸೆಮರ ನಿಂತಿತ್ತು. ಎಲ್ಲ ಕಡೆ ಆಕಾಶ. ಶಾಹೀನ್ ಆಟೋ ನಿಲ್ಲಿಸಲು ಹೇಳಿ, ಸ್ಟೂಲ್ ಹಾಕಿಕೊಂಡು, ತೋಳು ಚಾಚಿ, ಒಂದು ಕಣ್ಣು ಮುಚ್ಚಿ ಪೆನ್ಸಿಲ್ ಹಿಡಿದಳು. ಹಾಳೆಯ ಮೇಲೆ ಮರ ಮೂಡುವಷ್ಟರಲ್ಲಿ ಒಂದು ಮೊಪೆಡ್ ಧೂಳೆಬ್ಬಿಸಿಕೊಂಡು ಬಂದು ನಿಂತಿತು. ಇಳಿದವರು ತಿಪ್ಪೇರುದ್ರಸ್ವಾಮಿ, ಬಲಗಡೆ ಹೊಲದ ಯಜಮಾನರು.

"ಯಾವ ಇಲಾಖೆನಮ್ಮ ನಿಮ್ದು?"

"ಇಲಾಖೆ ಇಲ್ರಿ. ಚಿತ್ರ ಬರಿಯಾಕೆ ಬಂದೀನಿ."

"ಚಿತ್ರ ಬರಿಯೋರು ಕಣ್ಣು ಮುಚ್ಕಂಡು ಅಳತೆ ಯಾಕೆ ಹಿಡೀತಾರೆ? ನಮ್ಮ ಹೊಲ ರೋಡಿಗೆ ಹೋಗ್ತೈತೋ ನೀರಿನ ಚಾನೆಲಿಗೆ ಹೋಗ್ತೈತೋ, ನಿಜ ಹೇಳ್ಬಿಡ್ರಿ."

ಅಷ್ಟರಲ್ಲಿ ಎಡಗಡೆ ಹೊಲದಿಂದ ಕುಡುಗೋಲು ಹಿಡಿದೇ ದುರುಗಕ್ಕ ಬಂದಳು. ತಿಪ್ಪೇರುದ್ರಸ್ವಾಮಿಯ ಅಣ್ಣನ ಹೆಂಡತಿ. ಬದುವಿನ ಮೇಲಿನ ಹುಣಸೆಮರ ಯಾರದೆಂಬ ತಕರಾರು ಕೋರ್ಟಿಗೆ ಹೋಗಿ ಅತ್ತಿಗೆ ಮೈದುನರು ಮಾತು ಬಿಟ್ಟು ವರ್ಷಗಳಾಗಿದ್ದವು. ಆದ್ದರಿಂದ ಅವಳು ಮೈದುನನ ಕಡೆ ನೋಡದೆ ಆಕಾಶಕ್ಕೆ ಹೇಳಿದಳು: "ಸರ್ವೆಯೋರನ್ನ ಯಾರು ಕರ್ಸಿದಾರೆ ಅಂತ ನನಗೆ ಗೊತ್ತೈತೆ."

"ನಾನು ಕರ್ಸಿಲ್ಲ. ಕರ್ಸಿದೋರು ಕುಡುಗೋಲು ಹಿಡ್ಕಂಡು ನಿಂತಾರೆ" ಎಂದು ತಿಪ್ಪೇರುದ್ರಸ್ವಾಮಿ ಮೊಪೆಡ್ಡಿಗೆ ಹೇಳಿದರು.

ದಾರಿಹೋಕರು ನಿಂತರು. ಬೈಕುಗಳು ನಿಂತವು. ಅನೀಸ್ ಓಡಿಬಂದು, "ಅಣ್ಣ, ನಾವು ಕೊಡ ಮಾರೋರು!" ಎಂದ. "ಕೊಡ ಮಾರೋರಿಗೆ ನಮ್ಮ ಹೊಲದ ಅಳತೆ ಯಾಕೆ?" ಎಂದು ಹಿಂದಿನಿಂದ ಯಾರೋ ಕೇಳಿದರು.

ಶಾಹೀನಳಿಗೆ ಭಯವಾಯಿತು. ಬೇರೆ ದಾರಿ ಕಾಣದೆ ಹಾಳೆಯನ್ನು ಜನರ ಕಡೆಗೆ ತಿರುಗಿಸಿ ಹಿಡಿದಳು. ಗದ್ದಲ ಇಳಿಯಿತು. ಹಾಳೆಯ ಮೇಲೆ ಅವರದೇ ಮರವಿತ್ತು, ಅವರದೇ ಬದು, ಅವರು ದಿನಾ ನೋಡಿಯೂ ನೋಡದ ಅಷ್ಟಗಲ ಆಕಾಶ.

ತಿಪ್ಪೇರುದ್ರಸ್ವಾಮಿ ಹತ್ತಿರ ಬಂದು ಬಗ್ಗಿ ನೋಡಿದರು. "ಮರ ನನ್ನ ಕಡಿಗೆ ವಾಲೈತೆ. ಸರಿಯಾಗೇ ಬರ್ದೀರಿ."

"ಬುಡ ನೋಡ್ರಿ, ಬುಡ!" ಎಂದಳು ದುರುಗಕ್ಕ. "ಬುಡ ಯಾರ ಕಡಿಗೈತೆ?"

ಇಬ್ಬರೂ ಶಾಹೀನಳ ಕಡೆ ತಿರುಗಿದರು. ಕೋರ್ಟಿನಲ್ಲಿ ಬಗೆಹರಿಯದ್ದು ಈ ಹಾಳೆಯಲ್ಲಿ ಬಗೆಹರಿಯಲೇಬೇಕು ಎಂಬಂತಿತ್ತು ಅವರ ಮುಖ. ಅವಳಿಗೆ ಭಯವೆಲ್ಲ ಹೋಗಿ ನಗು ಬಂತು. ಎರಡು ಹಾಳೆ ಹರಿದು, ಎರಡು ಪೆನ್ಸಿಲ್ ಚೂಪು ಮಾಡಿ ಇಬ್ಬರ ಕೈಗೂ ಕೊಟ್ಟಳು. "ನಾನು ಬರ್ದಿದ್ದು ನನ್ನ ಕಣ್ಣಿಗೆ ಕಂಡಿದ್ದು. ನಿಮಗೆ ಹೆಂಗೆ ಕಾಣ್ತೈತೋ ನೀವೇ ಬರೀರಿ."

"ನಾ ರಂಗೋಲಿ ಬಿಟ್ರೆ ಏನೂ ಬರ್ದಿಲ್ಲವ್ವ" ಎಂದಳು ದುರುಗಕ್ಕ.

"ರಂಗೋಲಿ ಬರೋ ಕೈಗೆ ಮರ ಯಾವ ಲೆಕ್ಕ ಬಿಡಕ್ಕ. ಕುಂತ್ಕ."

ಅನೀಸ್ ಮಾರಾಟದ ಚಾಪೆಯನ್ನೇ ಬಿಚ್ಚಿ ಹಾಸಿದ. ಒಂದು ತುದಿಗೆ ಅತ್ತಿಗೆ, ಇನ್ನೊಂದು ತುದಿಗೆ ಮೈದುನ. ಸುತ್ತ ಜನ ಕಬಡ್ಡಿ ನೋಡುವವರಂತೆ ನಿಂತರು. ಮುಗಿದ ಚಿತ್ರಗಳನ್ನು ಎತ್ತಿ ಹಿಡಿದಾಗ ರಸ್ತೆಯಲ್ಲೇ ನಗೆ ಸಿಡಿಯಿತು. ತಿಪ್ಪೇರುದ್ರಸ್ವಾಮಿಯವರ ಮರ ಬೇರುಸಮೇತ ಅವರ ಹೊಲದ ನಟ್ಟನಡುವೆ ಇತ್ತು. ದುರುಗಕ್ಕನ ಮರ ಅವಳ ಹೊಲದಲ್ಲಿತ್ತು, ಮೇಲಾಗಿ ಕಾಯಿಗಳನ್ನೆಲ್ಲ ಅವಳು ಒಂದೊಂದಾಗಿ ಬರೆದಿದ್ದಳು.

"ಎರಡೂ ತಪ್ಪು" ಎಂದಳು ಶಾಹೀನ್. "ಮನಸಿನಾಗಿರೋ ಮರ ಬರ್ದೀರಿ. ಈಗ ಅಲ್ಲಿರೋ ಮರ ನೋಡ್ರಿ."

ಎರಡನೇ ಸಲ ಅವರು ನಿಜವಾಗಿ ನೋಡಿದರು. ಒಂದು ಕಣ್ಣು ಮುಚ್ಚಿ, ಪೆನ್ಸಿಲ್ ಹಿಡಿದು. ಬಹಳ ಹೊತ್ತಾದ ಮೇಲೆ ತಿಪ್ಪೇರುದ್ರಸ್ವಾಮಿ ತಲೆ ಎತ್ತದೆಯೇ ಕೇಳಿದರು: "ಅತ್ಗೆ, ಆ ಕೆಳಗಿನ ಕೊಂಬೆ ಯಾವಾಗ ಮುರೀತು?"

ದುರುಗಕ್ಕ ಪೆನ್ಸಿಲ್ ಕೆಳಗಿಟ್ಟಳು. "ಹೋದ ಮಳೆಗಾಲದಾಗೆ. ಸಿಡ್ಲು ಬಡೀತು. ನೀನೆಲ್ಲಿ ನೋಡ್ತಿ ಅದನ್ನೆಲ್ಲ."

"ಹೇಳಿದ್ರೆ ತಾನೆ ಗೊತ್ತಾಗೋದು?"

"ಮಾತು ಬಿಟ್ಟೋನಿಗೆ ಹೆಂಗೆ ಹೇಳ್ಲಿ?"

ಅಲ್ಲಿಂದ ಇಬ್ಬರೂ ಜೋರಾಗಿಯೇ ಜಗಳಕ್ಕೆ ಬಿದ್ದರು. ಆದರೆ ಒಂದೇ ಚಾಪೆಯ ಮೇಲೆ, ಮುಖ ಮುಖ ನೋಡಿಕೊಂಡು. ತಕರಾರು ಅವತ್ತೇ ಮುಗಿಯಿತೆಂದು ನಾನು ಹೇಳಲಾರೆ. ಆ ವರ್ಷದ ಹುಣಸೆಯನ್ನು ಮಾತ್ರ ಎರಡೂ ಮನೆಯವರು ಒಟ್ಟಿಗೆ ಬಡಿದರು. ಒಂದು ಚೀಲ ಅನೀಸನ ಆಟೋಕ್ಕೂ ಬಿತ್ತು. ಅಂದಿನಿಂದ ಜಗಳೂರು ಸಂತೆಯ ದಿನ ಆ ಮರದ ಕೆಳಗೆ ದೊಡ್ಡವರ ಚಿತ್ರದ ಕ್ಲಾಸು ನಡೆಯುತ್ತದೆ. ಟೈಲರ್ ಒಬ್ಬ ಬರುತ್ತಾನೆ, ಅಂಗನವಾಡಿಯವರು ಬರುತ್ತಾರೆ. ಬಿಡುವಿದ್ದರೆ ತಿಪ್ಪೇರುದ್ರಸ್ವಾಮಿ, ಬಿಡುವಿಲ್ಲದಿದ್ದರೂ ದುರುಗಕ್ಕ.

ಕಳೆದ ಚಳಿಗಾಲದಲ್ಲಿ ಶಾಹೀನ್ ಎಲ್ಲ ಊರಿನ ಶಿಷ್ಯರನ್ನೂ ಒಂದು ಭಾನುವಾರ ಚನ್ನಗಿರಿ ಕಡೆಯ ಸೂಳೆಕೆರೆಗೆ ಕರೆದಳು. ನ್ಯಾಮತಿಯಿಂದ ಸುನಿತಾ ಮಕ್ಕಳನ್ನು ಕರೆತಂದಳು. ಹೊನ್ನಾಳಿಯಿಂದ ಷಣ್ಮುಖಪ್ಪ ಮೇಷ್ಟ್ರ ಜೊತೆ, ಅವರ ಹಳೆಯ ವಿದ್ಯಾರ್ಥಿಯಾದ ನಾನೂ ಹೋಗಿದ್ದೆ. ಜಗಳೂರಿನವರು ಒಂದು ಟೆಂಪೋ ಮಾಡಿಕೊಂಡು ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಬಂದರು. ಸೈದಾಬೀ ದೊಡ್ಡ ಡೇಗಿನಲ್ಲಿ ಪಲಾವ್ ಮಾಡಿ ಕಳಿಸಿದ್ದರು. ಏರಿಯ ಮೇಲೆ ಗಾಳಿಯೋ ಗಾಳಿ. ಹಾಳೆಗಳು ಹಾರಿದವು, ಅವುಗಳ ಹಿಂದೆ ಮಕ್ಕಳು, ಮಕ್ಕಳ ಹಿಂದೆ ಸುನಿತಾ. ಕಡೆಗೆ ಎಲ್ಲರೂ ಹಾಳೆಯ ನಾಲ್ಕು ಮೂಲೆಗೂ ಕಲ್ಲಿಟ್ಟುಕೊಂಡು ಕೂತರು.

ದುರುಗಕ್ಕ ಮಾತ್ರ ಬಹಳ ಹೊತ್ತು ನಿಂತೇ ಇದ್ದಳು. ಒಂದೇ ಕಡೆ ಇಷ್ಟು ನೀರನ್ನು ಅವಳು ಅದುವರೆಗೆ ಕಂಡಿರಲಿಲ್ಲ. ಆಮೇಲೆ ಕೂತು, ಬ್ರಷ್ಷನ್ನು ತುಂಬ ನೀರಿನಲ್ಲಿ ಅದ್ದಿ, ತೆಳ್ಳನೆಯ ಬೂದುನೀಲಿಯನ್ನು ಈ ಅಂಚಿನಿಂದ ಆ ಅಂಚಿನವರೆಗೆ ಎಳೆದಳು. ಮತ್ತೊಮ್ಮೆ ಎಳೆದಳು. ಮರವಿಲ್ಲ, ಗುಡ್ಡವಿಲ್ಲ, ದೋಣಿಯಿಲ್ಲ.

"ಮತ್ತೇನೂ ಬರಿಯಲ್ವೇನಕ್ಕ?" ಎಂದು ಸುನಿತಾ ಕೇಳಿದಳು.

"ನೀರೇ ಐತಲ್ಲವ್ವ. ಮತ್ತೇನು ಬರೀಲಿ?"

ಷಣ್ಮುಖಪ್ಪ ಮೇಷ್ಟ್ರು ಕನ್ನಡಕ ಒರೆಸಿಕೊಂಡು ಬಗ್ಗಿ ನೋಡಿದರು. "ಅದನ್ನ ಮುಟ್ಟಬ್ಯಾಡಮ್ಮ, ಹಂಗೇ ಬಿಡು" ಎಂದರು. ಶಾಹೀನ್ ಹಾಳೆಗಳ ಕಟ್ಟು ಹಿಡಿದು ಹತ್ತಿರ ಬಂದಳು. ಅಷ್ಟರಲ್ಲಿ ದುರುಗಕ್ಕ, ಕಣ್ಣನ್ನು ಕೆರೆಯಿಂದ ತೆಗೆಯದೆಯೇ, ಕೈ ಚಾಚಿದಳು.

"ಇನ್ನೆರಡು ಹಾಳೆ ಕೊಡು ತಂಗಿ. ಪಕ್ಕಕ್ಕೆ ಜೋಡಿಸ್ತೀನಿ. ಇದು ಒಂದ್ರಾಗೆ ಹಿಡಿಯಲ್ಲ."