ಹುರುಪೆ ಸಮೇತ ಬಂದ ಮೀನು

ಯುಗಾದಿಯ ಮರುದಿನ ವರ್ಷತೊಡಕು, ಬಾಡೂಟದ ಹಬ್ಬ. ಆ ದಿನ ಹೇಗಿರುತ್ತೇವೋ ವರ್ಷವೆಲ್ಲ ಹಾಗೇ ಎಂಬುದು ಮಂಡ್ಯ ಸೀಮೆಯ ನಂಬಿಕೆ. ಕಾಲೇಜಿನಲ್ಲಿ ಪಾಠ ಹೇಳಲು ಭಾರತೀನಗರಕ್ಕೆ ಬಂದು ಬಾಡಿಗೆ ಮನೆ ಹಿಡಿದಿದ್ದ ನನಗೆ ಅದು ಗೊತ್ತಿರಲಿಲ್ಲ. ನಾನು ಅಮ್ಮ ಎಂದು ಕರೆಯುತ್ತಿದ್ದ ಮನೆ ಮಾಲೀಕರು ಬಂಡೂರು ಕುರಿಯ ಸಾರು, ಬಿಸಿ ಮುದ್ದೆ ಹಿಡಿದು ಬಾಗಿಲಿಗೆ ಬಂದರು.

ನಾವು ಯೆಹೂದಿಗಳು. ನಮ್ಮ ವಿಧಿಯಂತೆ ಕೊಯ್ಯದ ಮಾಂಸ ತಿನ್ನುವಂತಿಲ್ಲ. ಬೇರೆ ಮನೆಯ ಪಾತ್ರೆಯಲ್ಲಿ ಬೆಂದದ್ದೂ ನನಗೆ ಆಗದು. ಇದರಲ್ಲಿ ನಾನು ಮಹಾ ಹಟಮಾರಿ. ನನ್ನ ತಾಯಿಯೇ "ದೇವರಿಗಿಂತ ನೀನೇ ಬಿಗಿ" ಎಂದು ರೇಗಿಸುತ್ತಿದ್ದರು. ಆದರೆ ಎದುರಿಗಿರುವವರ ಮನಸ್ಸು ನೋಯಿಸುವುದೂ ನಮ್ಮಲ್ಲಿ ಪಾಪವೇ. ಇಸಿದುಕೊಂಡು ಆಮೇಲೆ ಚೆಲ್ಲಿದರೆ ಅದು ಮೋಸ. ಇದ್ದದ್ದನ್ನು ಇದ್ದ ಹಾಗೇ ಹೇಳಿದೆ.

ಅಮ್ಮನ ಮುಖ ಸಣ್ಣದಾಯಿತು. "ತೊಡ್ಕಿನ್ ದಿನ್ವೇ ತಟ್ಟೆ ವಾಪಸ್ ಕಳುಸ್ತಿದ್ದೀಯಲ್ಲವ್ವ. ಇನ್ನು ವರ್ಸೆಲ್ಲ ನಮ್ಗೂ ನಿಂಗೂ ಇಂಗೇಯ?" ಎಂದು ಹೊರಟೇಬಿಟ್ಟರು.

ನನಗೆ ಒಳಗೆ ಕೂರಲಾಗಲಿಲ್ಲ. ನಾನು ಮಾಡಿಕೊಂಡಿದ್ದ ಅನ್ನ, ತಿಳಿಸಾರನ್ನು ನನ್ನದೇ ತಟ್ಟೆಗೆ ಹಾಕಿಕೊಂಡು ಅವರ ಮನೆಗೆ ಹೋದೆ. ಊಟಕ್ಕೆ ಕೂತಿದ್ದ ಸಾಲಿನ ಕೊನೆಯಲ್ಲಿ ಕೂತು, "ವರ್ಷವೆಲ್ಲ ನಿಮ್ಮ ಜೊತೆ ಕೂತು ಉಣ್ಣಬೇಕು ಅಂತ ಬಂದೆ, ಅಮ್ಮ" ಎಂದೆ. ಅವರು ಬಡಿಸುತ್ತಾ ನನ್ನ ಹತ್ತಿರ ಬಂದಾಗ ಸೌಟನ್ನು ಆಚೆ ಹಿಡಿದು, ನನ್ನ ತಟ್ಟೆಗೆ ಒಂದು ತೊಟ್ಟೂ ಸಿಡಿಯದಂತೆ ದಾಟಿದರು.

ಆಮೇಲೆ ಸಂಜೆ ಹೊತ್ತು ಜಗಲಿಯಲ್ಲಿ ಕೂತು ನನ್ನ ಕಟ್ಟುಪಾಡುಗಳನ್ನೆಲ್ಲ ಕೇಳುವುದು ಅವರಿಗೆ ಅಭ್ಯಾಸವಾಯಿತು. ಮೀನಿಗೆ ಈಜುರೆಕ್ಕೆ, ಮೈಮೇಲೆ ಹುರುಪೆ ಇದ್ದರೆ ತಿನ್ನುತ್ತೇವೆ, ಆದರೆ ಆ ಹುರುಪೆಯನ್ನು ಕಣ್ಣಾರೆ ನೋಡಬೇಕು, ಇಲ್ಲಿ ಮಾರುವವರು ಕೆರೆದೇ ಕೊಡುತ್ತಾರೆ ಎಂದಿದ್ದೆ. ನಿಮ್ಮ ದೇವರಿಗೆ ಬೇರೆ ಕೆಲಸವಿಲ್ಲವೇ ಎಂದು ನಕ್ಕಿದ್ದರು.

ಮರುವರ್ಷದ ತೊಡಕಿಗೆ ಅಮ್ಮ ಮತ್ತೆ ಬಾಗಿಲಿಗೆ ಬಂದರು. ಬಾಳೆಲೆಯಲ್ಲಿ ಇಡೀ ಮೀನು, ಹುರುಪೆ ಸಮೇತ. ಮಾರುವವನ ಜೊತೆ ಜಗಳವಾಡಿ ತಂದಿದ್ದರಂತೆ.

"ನೋಡ್ಕೊ, ಚಾಕು ಮುಟ್ಸಿಲ್ಲ. ನಿನ್ ಪಾತ್ರೇಲೇ ಬೇಯ್ಸು. ಮುದ್ದೆ ನಮ್ಮನೇದು, ಸಾರು ನಿಂದು. ಈ ವರ್ಸ ನಿನ್ ಕೈಯೂಟ ಕಣವ್ವ."

ಹುರುಪೆ ಕೆರೆಯುತ್ತಾ ಅತ್ತುಬಿಟ್ಟೆ. ಅಷ್ಟು ಸಂತೋಷವಾಗಿತ್ತು. ಮಧ್ಯಾಹ್ನ ಅವರ ಮನೆಯ ಸಾಲಿಗೆ ಮೀನು ಸಾರು ಬಡಿಸಲು ನಾನು ಬಗ್ಗಿದಾಗ, ಅಮ್ಮ ಮನೆಮಂದಿಗೆಲ್ಲ ಗದರಿದರು:

"ತಟ್ಟೆ ಕೆಳಗ್ ಇಡ್ಕಳ್ರಪ್ಪ, ಅವಳ್ ಸೌಟ್ಗೆ ತಾಗ್ಬಾರ್ದು."