ಪಾಸಾಗಬಾರದ ಹುಡುಗ

ಕೊರೊನಾ ಕಳೆದು ಕಾಲೇಜುಗಳು ಮತ್ತೆ ಸರಿಯಾಗಿ ನಡೆಯತೊಡಗಿದ್ದ ಕಾಲ. ಆಗ ನಾನು ಕುಣಿಗಲ್‌ನ ಪದವಿ ಕಾಲೇಜೊಂದರಲ್ಲಿ ದೈಹಿಕ ಶಿಕ್ಷಣ ನಿರ್ದೇಶಕಿ. ನಿವೃತ್ತಿಗೆ ಎರಡು ವರ್ಷ ಬಾಕಿಯಿತ್ತು. ನಿರ್ದೇಶಕಿ ಎಂದ ಕೂಡಲೇ ನಮ್ಮ ನೆಂಟರು ಭಾರಿ ಹುದ್ದೆ ಎಂದುಕೊಳ್ಳುತ್ತಿದ್ದರು. ಕೊರಳಲ್ಲಿ ಒಂದು ಸೀಟಿ, ಬ್ಯಾಗಿನಲ್ಲಿ ಸ್ಟೋರ್ ರೂಮಿನ ಬೀಗದ ಕೈ, ಇಷ್ಟೇ ನನ್ನ ಅಧಿಕಾರ. ಊರಿನವರಿಗೆ ನಾನು ಕೊನೆಯವರೆಗೂ ‘ಪೀಟಿ ಮೇಡಂ’ ಆಗಿಯೇ ಉಳಿದೆ.

ಆ ವರ್ಷ ಅಂತರ ಕಾಲೇಜು ಪುರುಷರ ಕಬಡ್ಡಿ ಪಂದ್ಯಾವಳಿ ನಮ್ಮ ಮೈದಾನದಲ್ಲಿ ನಡೆಯಿತು. ಆತಿಥೇಯರು ಎಂಬ ಕಾರಣಕ್ಕೆ ಸಂಚಾಲಕಿಯ ಕೆಲಸವನ್ನೂ ಅರ್ಹತಾ ಸಮಿತಿಯ ಅಧ್ಯಕ್ಷತೆಯನ್ನೂ ನನ್ನ ತಲೆಗೇ ಕಟ್ಟಿದರು. ಅರ್ಹತಾ ಸಮಿತಿ ಎಂದರೆ ಆಡಲು ಬಂದ ಹುಡುಗ ನಿಜವಾಗಿ ಆ ಕಾಲೇಜಿನ ವಿದ್ಯಾರ್ಥಿಯೇ, ವಯಸ್ಸು ಮೀರಿಲ್ಲವೇ, ಅಮೆಚೂರ್, ಅಂದರೆ ಹಣಕ್ಕಾಗಿ ಆಡದ ಹವ್ಯಾಸಿ ಆಟಗಾರನೇ ಎಂದು ನೋಡುವ ಮೂವರ ಸಮಿತಿ. ಮೊದಲ ಎರಡಕ್ಕೆ ಕಾಗದ ತೋರಿಸಿದರೆ ಆಯಿತು. ಮೂರನೆಯ ಪ್ರಶ್ನೆಯನ್ನು ನಾವು ಯಾರೂ ಗಟ್ಟಿಯಾಗಿ ಕೇಳುತ್ತಿರಲಿಲ್ಲ. ಚೇಳೂರಾಗಲಿ ಬೆಳ್ಳಾವಿಯಾಗಲಿ, ಎಲ್ಲಿ ನಗದು ಬಹುಮಾನದ ಕಬಡ್ಡಿ ಇಟ್ಟರೂ ನಮ್ಮ ಹುಡುಗರೇ ಯಾವ್ಯಾವುದೋ ತಂಡದ ಜೆರ್ಸಿ ತೊಟ್ಟು ಆಡುವುದು ಎಲ್ಲರಿಗೂ ಗೊತ್ತಿತ್ತು. ನಿಯಮವನ್ನು ಅಕ್ಷರಶಃ ಹಿಡಿದು ಕೂತರೆ ಯಾವ ಕಾಲೇಜಿಗೂ ಏಳು ಜನ ಸಿಗುತ್ತಿರಲಿಲ್ಲ.

ತುಮಕೂರಿನ ಬಟವಾಡಿ ಕಡೆಯ ಒಂದು ಖಾಸಗಿ ಕಾಲೇಜು ಕೆಲವು ವರ್ಷಗಳಿಂದ ಕಪ್ಪನ್ನು ಬೇರೆಯವರಿಗೆ ಮುಟ್ಟಲೂ ಬಿಟ್ಟಿರಲಿಲ್ಲ. ಅದರ ಹಿಂದೆ ಒಂದು ಟ್ರಸ್ಟ್ ಇತ್ತು. ಟ್ರಸ್ಟಿಗೆ ಪದವಿ ಕಾಲೇಜಲ್ಲದೆ ನರ್ಸಿಂಗ್ ಕಾಲೇಜು, ಹಾಸ್ಟೆಲ್ ಎಲ್ಲವೂ ಇದ್ದವು. ಕಪ್ಪಿನ ಫೋಟೋ ಪ್ರತಿ ವರ್ಷ ಅವರ ಅಡ್ಮಿಷನ್ ಬ್ಯಾನರಿನಲ್ಲಿ ಮಿಂಚುತ್ತಿತ್ತು. ಆ ತಂಡದ ಜೀವವೇ ಸಿದ್ದೇಶ. ಚೇಳೂರು ಹೋಬಳಿಯ ಹುಡುಗ, ರೈಡರ್. ಎದುರು ಅಂಕಣಕ್ಕೆ ನುಗ್ಗಿ ಇಬ್ಬರನ್ನು ಮುಟ್ಟಿ, ಏನೂ ಆಗಿಲ್ಲವೆಂಬಂತೆ ಹಿಂದಿರುಗುತ್ತಿದ್ದ. ಅವನ ಆಟ ನೋಡಿದ ದಿನ ನನ್ನ ಮಂಡಿನೋವೂ ಮರೆತುಹೋಗುತ್ತಿತ್ತು. ತಂಡದ ಮ್ಯಾನೇಜರ್ ರೇಣುಕಪ್ಪ ಎಂಬಾತ. ಟ್ರಸ್ಟಿನ ಆಫೀಸಿನವನು, ಇಸ್ತ್ರಿ ಕೆಡದ ಬಿಳಿ ಅಂಗಿ, ಎಂದೂ ಏರದ ದನಿ.

ಸೆಮಿಫೈನಲಿನಲ್ಲಿ ಗುಬ್ಬಿಯ ಕಾಲೇಜೊಂದು ಬಟವಾಡಿಯವರ ಎದುರು ಸೋತಿತು. ಗುಬ್ಬಿ ತಂಡದ ದೈಹಿಕ ಶಿಕ್ಷಣ ನಿರ್ದೇಶಕ ಬಸವರಾಜು ಬೆವರು ಒರೆಸಿಕೊಳ್ಳುತ್ತಲೇ ಬಂದು ಲಿಖಿತ ಆಕ್ಷೇಪಣೆ ಕೊಟ್ಟ. ಸಿದ್ದೇಶ ಹಣ ಪಡೆದು ಆಡುವ ವೃತ್ತಿಪರ, ಅವನನ್ನು ಅನರ್ಹಗೊಳಿಸಿ ಫೈನಲಿಗೆ ತಮ್ಮನ್ನು ತೆಗೆದುಕೊಳ್ಳಬೇಕು ಎಂಬುದು ಅವನ ಬೇಡಿಕೆ.

“ಬಸವರಾಜು, ನಿಮ್ಮ ಹುಡುಗ್ರು ಬೆಳ್ಳಾವೀಲಿ ಪುಗಸಟ್ಟೆ ಆಡಿದ್ರಾ?” ಎಂದೆ.

“ಅಯ್ಯೋ, ಅದು ಬೇರೆ ಬುಡಿ ಮೇಡಂ. ನಮ್ಮೋರ್ದು ಬಸ್ ಚಾರ್ಜು, ಊಟ. ಆ ಹುಡ್ಗನ್ನ ಅವ್ರು ಸಾಕ್ಕೊಂಡವ್ರೆ.”

ಸಾಕಿಕೊಂಡಿದ್ದಾರೆ ಎಂಬ ಮಾತು ನನಗೆ ಸರಿಬರಲಿಲ್ಲ, ದನ ಕುರಿಗಳ ಬಗ್ಗೆ ಆಡುವ ಮಾತದು. ಆದರೆ ಆಕ್ಷೇಪಣೆ ಬಂದ ಮೇಲೆ ವಿಚಾರಣೆ ಮಾಡಲೇಬೇಕಿತ್ತು. ಮಧ್ಯಾಹ್ನವೇ ರೇಣುಕಪ್ಪ ಮತ್ತು ಸಿದ್ದೇಶ ಇಬ್ಬರನ್ನೂ ಕರೆಸಿದೆವು. ಹುಡುಗನಿಗೆ ಹಣ ಕೊಡುತ್ತೀರಾ ಎಂದು ಕೇಳಿದ್ದಕ್ಕೆ ರೇಣುಕಪ್ಪ ನಗುನಗುತ್ತಲೇ, “ದುಡ್ಡು ಕೊಟ್ಟಿಲ್ಲ ಮೇಡಂ, ಅನ್ನ ಹಾಕಿದೀವಿ. ಬಡವರ ಮಕ್ಕಳಿಗೆ ಅನ್ನ ಹಾಕೋದು ನಿಮ್ಮ ರೂಲ್ಸ್ ಪ್ರಕಾರ ತಪ್ಪಾ?” ಎಂದ. ಸಿದ್ದೇಶ ನೆಲ ನೋಡುತ್ತಾ ನಿಂತಿದ್ದ. ಅಂಕಣದಲ್ಲಿ ಹುಲಿಯಂತಿದ್ದ ಹುಡುಗ ಆ ಮನುಷ್ಯನ ಪಕ್ಕ ಉಸಿರನ್ನೂ ಕೇಳಿಸದಂತೆ ಬಿಡುತ್ತಿದ್ದ.

ವಿದ್ಯಾರ್ಥಿಯೆಂಬುದಕ್ಕೆ ಸಾಕ್ಷಿಯಾಗಿ ಕೊಟ್ಟಿದ್ದ ಅವನ ಅಂಕಪಟ್ಟಿಗಳನ್ನು ತಿರುವಿದೆ. ಬಿ.ಕಾಂ.ನಲ್ಲಿ ಎಲ್ಲ ಸೆಮಿಸ್ಟರುಗಳೂ ಪ್ರಥಮ ದರ್ಜೆ. ಅಂತಿಮ ವರ್ಷದ ಆದಾಯ ತೆರಿಗೆ ವಿಷಯ ಒಂದಕ್ಕೆ ಮಾತ್ರ ಗೈರುಹಾಜರಿ, ಮರುವರ್ಷ ಮತ್ತೆ ಗೈರುಹಾಜರಿ, ಅದರ ಮರುವರ್ಷವೂ ಅದೇ. ಪ್ರತಿ ಸಲ ಅದೇ ತರಗತಿಗೆ ಮರುಪ್ರವೇಶ. ಕ್ರೀಡಾ ವಲಯದಲ್ಲಿ ಇಷ್ಟು ವರ್ಷ ಇದ್ದವಳಿಗೆ ಇದು ಅರ್ಥವಾಗದ ವಿಷಯವಲ್ಲ. ಪದವಿ ಮುಗಿದರೆ ಹುಡುಗ ಕಾಲೇಜಿನವನಲ್ಲ. ಕಾಲೇಜಿನವನಲ್ಲದಿದ್ದರೆ ತಂಡದಲ್ಲಿಲ್ಲ. ಹಾಗಾಗಿ ಒಳ್ಳೆಯ ಆಟಗಾರ ‘ಒಂದು ಪೇಪರ್ ಇಟ್ಕೋಬೇಕು’. ಪಾಸಾಗದಿರುವುದೇ ಅವನ ನೌಕರಿ.

ಅಲ್ಲಿಗೇ ನಿಂತಿದ್ದರೆ ನಾನೂ ಎಲ್ಲರಂತೆ ತಲೆಯಾಡಿಸಿ ಸುಮ್ಮನಾಗುತ್ತಿದ್ದೆನೇನೋ. ಮರುಪ್ರವೇಶ ಕ್ರಮಬದ್ಧವೇ ಎಂದು ತಿಳಿಯಲು ಪರೀಕ್ಷಾ ವಿಭಾಗಕ್ಕೆ ಫೋನ್ ಮಾಡಿದೆ. ಪರಿಚಯದ ಗುಮಾಸ್ತರು ನೋಡಿ ಹೇಳಿದರು: “ಮೇಡಂ, ಇದು ಹಳೇ ಸ್ಕೀಮು. ಈ ಸಲ ಬರೆಯೋದೇ ಲಾಸ್ಟ್ ಚಾನ್ಸು. ಬಿಟ್ರೆ ಈ ಡಿಗ್ರಿನೇ ಹೋಯ್ತು, ಮತ್ತೆ ಫಸ್ಟ್ ಇಯರ್‌ಗೆ ಹೊಸದಾಗಿ ಸೇರ್ಕೋಬೇಕು ಅಷ್ಟೆ.” ಪರೀಕ್ಷೆ ಯಾವಾಗ ಎಂದು ಕೇಳಿದೆ. ಫೈನಲ್ ನಿಗದಿಯಾಗಿದ್ದ ದಿನವೇ, ಅದೇ ಮಧ್ಯಾಹ್ನ, ತುಮಕೂರಿನಲ್ಲಿ.

ರೇಣುಕಪ್ಪನನ್ನು ಸಮಿತಿಯ ಇಬ್ಬರು ಸದಸ್ಯರ ಜೊತೆ ಕಾಫಿಗೆ ಕಳಿಸಿ ಸಿದ್ದೇಶನನ್ನು ಮೈದಾನದ ಅಂಚಿಗೆ ಕರೆದುಕೊಂಡು ಹೋದೆ. ಕೊನೆಯ ಅವಕಾಶದ ವಿಷಯ ಅವನಿಗೆ ಗೊತ್ತೇ ಇರಲಿಲ್ಲ.

“ಮುಂದಿನ್ ಸಲ ಬರ್ಕೊಬೋದು ಅಂತ ರೇಣುಕಪ್ಪ ಸರ್ ಹೇಳಿದ್ರು,” ಎಂದ.

“ಮುಂದಿನ ಸಲ ಇಲ್ಲ ಕಣೋ. ನೀನು ಫಸ್ಟ್ ಕ್ಲಾಸ್ ಹುಡುಗ. ಡಿಗ್ರಿ ಇದ್ರೆ ಸ್ಪೋರ್ಟ್ಸ್ ಕೋಟಾದಲ್ಲಿ ಒಂದು ಕೆಲಸ ಸಿಗುತ್ತೆ. ಯಾಕೋ ಹಿಂಗೆ ಹಾಳು ಮಾಡ್ಕೊತಿದೀಯ?”

ಅವನು ಬಿಡಿಬಿಡಿಯಾಗಿ ಹೇಳಿದ. ಅವನ ತಂಗಿ ಕಾವ್ಯ ಅದೇ ಟ್ರಸ್ಟಿನ ನರ್ಸಿಂಗ್ ಕಾಲೇಜಿನಲ್ಲಿ ಓದುತ್ತಿದ್ದಳು. ಅವಳಿಗೆ ಫೀಸೂ ಮಾಫಿ, ಹಾಸ್ಟೆಲೂ ಪುಕ್ಕಟೆ. ತಾಯಿ ಗಾರ್ಮೆಂಟ್ಸ್‌ಗೆ ಹೋಗುತ್ತಿದ್ದರು, ಆ ಸಂಬಳದಲ್ಲಿ ನರ್ಸಿಂಗ್ ಓದಿಸುವ ಮಾತೇ ಇರಲಿಲ್ಲ. ಕಾವ್ಯಳ ಮೂಲ ಅಂಕಪಟ್ಟಿಗಳೆಲ್ಲ ಟ್ರಸ್ಟಿನ ಆಫೀಸಿನಲ್ಲಿದ್ದವು. ಅಣ್ಣ ತಂಡದಲ್ಲಿರುವವರೆಗೆ ತಂಗಿಯ ಸೀಟು. ಯಾರೂ ಇದನ್ನು ಬರೆದು ಕೊಟ್ಟಿರಲಿಲ್ಲ, ಗದರಿಸಿಯೂ ಹೇಳಿರಲಿಲ್ಲ. ಎಲ್ಲರಿಗೂ ಅರ್ಥವಾಗಿತ್ತು, ಅಷ್ಟೆ.

“ಕಾವ್ಯಂಗೆ ಗೊತ್ತಾ ಇದು?”

“ಇಲ್ಲ ಮೇಡಂ. ನನ್ನ ಆಟ ನೋಡಿ ಖುಷಿಯಾಗಿ ಅವಳಿಗೆ ಸ್ಕಾಲರ್‌ಶಿಪ್ ಕೊಟ್ರು ಅಂದ್ಕೊಂಡವ್ಳೆ. ನೀವು ಹೇಳ್ಬಾರ್ದು. ಆಣೆ ಮಾಡಿ.”

ಹುಡುಗರು ಆಣೆ ಕೇಳಿದರೆ ನಾನು ಸಾಮಾನ್ಯವಾಗಿ ಬೈದು ಕಳಿಸುವವಳು. ಅಂದು ಅವನ ಮುಖ ನೋಡಿ ಹೂಂ ಎಂದುಬಿಟ್ಟೆ.

ಸಮಿತಿ ಮತ್ತೆ ಕೂತಿತು. ಗುಬ್ಬಿಯವರ ಆಕ್ಷೇಪಣೆ ಎತ್ತಿಹಿಡಿದರೆ ಸಿದ್ದೇಶನ ಹೆಸರಿನ ಮುಂದೆ ‘ವೃತ್ತಿಪರ, ಅನರ್ಹ’ ಎಂದು ಬೀಳುತ್ತಿತ್ತು. ಆಮೇಲೆ ಯಾವ ಕ್ರೀಡಾ ಕೋಟಾವೂ ಅವನಿಗಿಲ್ಲ. ತಂಡದಿಂದ ಹೊರಬಿದ್ದವನ ತಂಗಿಗೆ ಸೀಟೂ ಇಲ್ಲ. ಅವನನ್ನು ಹೀಗೆ ಇಟ್ಟುಕೊಂಡಿದ್ದವರಿಗೆ ಆಗುವ ನಷ್ಟ ಆ ವರ್ಷದ ಕಪ್ಪು ಒಂದೇ. ನಮ್ಮ ನಿಯಮದ ಪುಸ್ತಕದಲ್ಲಿ ಆಟಗಾರನಿಗೆ ಶಿಕ್ಷೆಯಿತ್ತು, ಕಾಲೇಜಿಗೆ ಎಚ್ಚರಿಕೆ ಮಾತ್ರ. ನ್ಯಾಯ ಎನ್ನುವುದು ಇಷ್ಟು ವಕ್ರವಾಗಿ ಕೂತಿರುತ್ತದೆಂದು ನಾನು ಅದುವರೆಗೆ ಗಮನಿಸಿಯೇ ಇರಲಿಲ್ಲ. ಹಣ ಕೊಟ್ಟದ್ದಕ್ಕೆ ಪುರಾವೆಯಿಲ್ಲವೆಂದು ಆಕ್ಷೇಪಣೆ ತಳ್ಳಿಹಾಕಿದೆವು. ಬಸವರಾಜು ನನ್ನ ಮೇಲೆ ಹರಿಹಾಯ್ದ, ಬಟವಾಡಿಯವರ ಹತ್ತಿರ ಏನೋ ತಿಂದಿದ್ದೀರಿ ಎಂಬ ಅರ್ಥದ ಮಾತೂ ಆಡಿದ. ಆಡಲಿ ಎಂದು ಬಿಟ್ಟೆ. ಸಂಚಾಲಕಿಯಾಗಿ ನನ್ನ ಕೈಯಲ್ಲಿದ್ದದ್ದು ಒಂದೇ. ಪರೀಕ್ಷೆಯ ಕಾರಣ ಕೊಟ್ಟು ಫೈನಲನ್ನು ಒಂದು ದಿನ ಮುಂದೂಡಿದೆ.

ರೇಣುಕಪ್ಪ ಕೂಗಾಡುತ್ತಾನೆ, ಫೋನಿನ ಮೇಲೆ ಫೋನ್ ಮಾಡಿಸುತ್ತಾನೆ ಎಂದು ಸಿದ್ಧವಾಗಿದ್ದೆ. ಅವನು ನಗುತ್ತಾ ಕೈಮುಗಿದು, “ಒಳ್ಳೇ ಕೆಲಸ ಮಾಡಿದ್ರಿ ಮೇಡಂ. ಪರೀಕ್ಷೆ ಮುಖ್ಯ. ನಾನೇ ಖುದ್ದು ಕರ್ಕೊಂಡ್ ಹೋಗಿ ಕೂರಿಸ್ತೀನಿ,” ಎಂದ. ಅವನು ಜಗಳವಾಡಿದ್ದರೆ ನನಗೆ ಧೈರ್ಯವಿರುತ್ತಿತ್ತು. ಆ ನಗು ನೋಡಿದ ಮೇಲೆ ಮನೆಯಲ್ಲಿ ಊಟವೂ ಸೇರಲಿಲ್ಲ.

ಪರೀಕ್ಷೆಯ ದಿನ ರಜೆ ಹಾಕಿ ತುಮಕೂರಿನ ಬಸ್ಸು ಹತ್ತಿದೆ. ನಾನು ಅಲ್ಲಿಗೆ ಹೋಗುವ ಅಗತ್ಯವಿರಲಿಲ್ಲ, ಹಕ್ಕೂ ಇರಲಿಲ್ಲ. ಪರೀಕ್ಷಾ ಕೇಂದ್ರದ ಗೇಟಿನ ಎದುರು ಬೇಕರಿಯ ಮುಂದೆ ಟ್ರಸ್ಟಿನ ಕಾರು ನಿಂತಿತ್ತು. ರೇಣುಕಪ್ಪ ಟೀ ಕುಡಿಯುತ್ತಿದ್ದ. ಹಿಂದಿನ ಸೀಟಿನಲ್ಲಿ ನರ್ಸಿಂಗ್ ಯೂನಿಫಾರ್ಮಿನ ಹುಡುಗಿಯೊಬ್ಬಳು ಪಫ್ಸ್ ತಿನ್ನುತ್ತಾ ಕೂತಿದ್ದಳು. ಯಾರೆಂದು ಕೇಳುವ ಮೊದಲೇ ನನಗೆ ತಿಳಿಯಿತು, ಅಣ್ಣನದೇ ಕಣ್ಣು. ಸಿದ್ದೇಶ ಕಾರಿನಿಂದ ಇಳಿದು ಗೇಟಿನತ್ತ ನಡೆದಾಗ ಅವಳು ಕಿಟಕಿಯಿಂದ ತಲೆ ಹಾಕಿ, “ಆಲ್ ದ ಬೆಸ್ಟ್ ಅಣ್ಣಾ, ಈ ಸಲನಾದ್ರೂ ಪಾಸಾಗೋ!” ಎಂದು ಕೂಗಿದಳು.

ಅವನು ತಿರುಗಿ ಅವಳನ್ನು ನೋಡಿದ. ಆಮೇಲೆ ರೇಣುಕಪ್ಪನನ್ನು ನೋಡಿದ. ರೇಣುಕಪ್ಪ ಬಹಳ ಪ್ರೀತಿಯಿಂದ ಅವಳಿಗೆ ಇನ್ನೊಂದು ಪಫ್ಸ್ ಕೊಡಿಸುತ್ತಿದ್ದ. ಒಂದು ಗದರಿಕೆಯಿಲ್ಲ, ಒಂದು ಕೆಟ್ಟ ಮಾತಿಲ್ಲ. ಪೊಲೀಸರಿಗೆ ದೂರು ಕೊಡೋಣವೆಂದರೆ ಏನೆಂದು ಕೊಡುವುದು? ತಂಗಿಯನ್ನು ಅಣ್ಣನಿಗೆ ಶುಭ ಕೋರಲು ಕಾರಿನಲ್ಲಿ ಕರೆತಂದರು ಎಂದೇ?

ಮೂರು ಗಂಟೆ ಅಲ್ಲೇ ನೆರಳಿನಲ್ಲಿ ಕಾದೆ. ಕಾರು ಕಾವ್ಯಳನ್ನು ಹಾಸ್ಟೆಲಿಗೆ ಬಿಡಲು ಹೋಗಿತ್ತು. ಸಿದ್ದೇಶ ಎಲ್ಲರ ಜೊತೆಯೇ ಹೊರಗೆ ಬಂದ. ಓಡಿಹೋಗಿ ಕೇಳಿದೆ.

“ಬರೆದ್ಯೇನೋ?”

“ಕೂತಿದ್ದೆ ಮೇಡಂ.”

“ಬರೆದ್ಯಾ ಅಂತ ಕೇಳ್ತಿರೋದು.”

“ಎಲ್ಲಾ ಬರ್ತಿತ್ತು ಮೇಡಂ. ಓದ್ಕೊಂಡಿದ್ದೆ,” ಎಂದು ತಲೆ ತಗ್ಗಿಸಿದ. “ರಿಜಿಸ್ಟರ್ ನಂಬರ್ ಒಂದು ಬರ್ದು ಸುಮ್ನೆ ಕೂತಿದ್ದೆ.”

ಮರುದಿನ ಅವನು ಆಡಿದ ಆಟವನ್ನು ಕುಣಿಗಲ್‌ನವರು ಇಂದಿಗೂ ಹೇಳುತ್ತಾರೆ. ಜನ ಎದ್ದು ನಿಂತು ಸಿಳ್ಳೆ ಹಾಕಿದರು. ನಾನೊಬ್ಬಳು ಅಂಕಣದತ್ತ ಸರಿಯಾಗಿ ನೋಡಲಾರದೆ ಕೂತಿದ್ದೆ. ಬಹುಮಾನ ವಿತರಣೆಯಲ್ಲಿ ಕಪ್ಪನ್ನು ನಾನೇ ಅವನ ಕೈಗೆ ಕೊಡಬೇಕಾಯಿತು. ಫೋಟೋದವನು ನಗಿ ಮೇಡಂ ಎಂದ. ಸಿದ್ದೇಶ ಬಗ್ಗಿ ನನ್ನ ಕಾಲು ಮುಟ್ಟಿ, ನನಗಷ್ಟೇ ಕೇಳುವಂತೆ, “ಬೇಜಾರ್ ಮಾಡ್ಕೊಬೇಡಿ ಮೇಡಂ. ಅವಳ್ದು ಇನ್ನೊಂದೇ ವರ್ಷ,” ಎಂದ. ನನ್ನ ಮುಖದ ನಗು ಆ ಫೋಟೋದಲ್ಲಿ ಹೇಗೆ ಬಂದಿದೆಯೋ, ನಾನು ನೋಡಲು ಹೋಗಲಿಲ್ಲ.

ಕ್ರೀಡಾ ಸಮಿತಿಯ ಮುಂದಿನ ಸಭೆಯಲ್ಲಿ ಒಂದು ಸಲಹೆ ಇಟ್ಟೆ. ಆಟಗಾರನೊಬ್ಬ ಒಂದೇ ವಿಷಯವನ್ನು ಮತ್ತೆ ಮತ್ತೆ ಬಿಟ್ಟಿದ್ದರೆ ಅವನನ್ನಲ್ಲ, ಕಾಲೇಜನ್ನು ಕರೆದು ಕೇಳಬೇಕು. ಆಟಗಾರನ ಮನೆಯವರಿಗೆ ಕೊಟ್ಟ ರಿಯಾಯಿತಿಯೂ ಬಹಿರಂಗವಾಗಬೇಕು. ಎಲ್ಲರೂ ಒಳ್ಳೆಯ ಸಲಹೆ ಎಂದರು. ಅಷ್ಟರಲ್ಲಿ ಟೀ ಬಂತು, ಮಾತು ಟ್ರ್ಯಾಕ್‌ಸೂಟಿನ ಬಣ್ಣಕ್ಕೆ ಹೊರಳಿತು. ಇಷ್ಟು ವರ್ಷದ ಕೆಲಸ ನನಗೆ ಕಲಿಸಿದ್ದು ಇದನ್ನೇ: ಆಟಗಾರ ಏನು ಪಡೆದ ಎಂದು ಹುಡುಕಲು ನಮಗೆ ಸಮಿತಿಗಳಿವೆ. ಅವನಿಂದ ಏನು ಕಿತ್ತುಕೊಂಡರು ಎಂದು ಕೇಳುವುದು ಯಾರ ಕೆಲಸವೂ ಅಲ್ಲ. ನನ್ನ ನಂತರ ಆ ಕುರ್ಚಿಯಲ್ಲಿ ಕೂರುವವರು ಯಾವ ಹುಡುಗನ ಅಂಕಪಟ್ಟಿ ಬಂದರೂ, ಇವನು ಪಾಸಾದರೆ ಯಾರಿಗೆ ತೊಂದರೆ ಎಂದು ಮೊದಲು ಕೇಳಿಕೊಳ್ಳಲಿ.

ನಿವೃತ್ತಿಯ ನಂತರ ತುಮಕೂರಿಗೆ ಬಂದು ನೆಲೆಸಿದ್ದೇನೆ. ಈಚೆಗೆ ಬಿ.ಪಿ. ತೋರಿಸಲು ಒಂದು ಕ್ಲಿನಿಕ್ಕಿಗೆ ಹೋದಾಗ ತೋಳಿಗೆ ಪಟ್ಟಿ ಸುತ್ತಿದ ನರ್ಸ್ ನನ್ನನ್ನೇ ದಿಟ್ಟಿಸಿದಳು.

“ಕುಣಿಗಲ್ ಪೀಟಿ ಮೇಡಂ ಅಲ್ವಾ? ನಮ್ಮಣ್ಣಂಗೆ ನೀವು ಕಪ್ ಕೊಟ್ಟಿದ್ದ ಫೋಟೋ ಮನೇಲಿದೆ. ಸಿದ್ದೇಶ ಅಂತ.”

ಅಣ್ಣ ಹೇಗಿದ್ದಾನೆ ಎಂದೆ. ಬೆಂಗಳೂರಿನಲ್ಲಿ ಡೆಲಿವರಿ ಕೆಲಸ ಎಂದಳು. ಮರುವರ್ಷ ಮಂಡಿ ಹೋಯಿತಂತೆ, ಆಡುವುದನ್ನು ಬಿಟ್ಟನಂತೆ.

“ಡಿಗ್ರಿ ಒಂದಿದ್ದಿದ್ರೆ ಎಲ್ಲಾದ್ರೂ ಕೆಲಸ ಆಗ್ತಿತ್ತು ಮೇಡಂ. ಕೊನೆಕೊನೆಗೆ ಆಟ ಬಿಟ್ರೆ ಓದಕ್ಕೆ ತಲೆ ಓಡ್ತಿರ್ಲಿಲ್ಲ ಅವನಿಗೆ. ಪರೀಕ್ಷೆ ದಿನ ನಾನೇ ಹೋಗಿ ವಿಶ್ ಮಾಡ್ಬಂದಿದ್ದೆ, ರೇಣುಕಪ್ಪ ಸರ್ ಪಾಪ ಕಾರಲ್ಲಿ ಕರ್ಕೊಂಡ್ ಹೋಗಿದ್ರು. ಆದ್ರೂ ಫೇಲಾದ.”

ಮೈದಾನದ ಅಂಚಿನಲ್ಲಿ ಅವನಿಗೆ ಕೊಟ್ಟ ಆಣೆ ನೆನಪಾಯಿತು.

“ನಿಮ್ಮಣ್ಣ ದಡ್ಡ ಅಲ್ಲ ಕಣಮ್ಮ,” ಎಂದೆ.

ಕಾವ್ಯ ನಕ್ಕಳು. “ನೀವು ಒಳ್ಳೇವ್ರು ಮೇಡಂ, ಅದಕ್ಕೇ ಹಂಗಂತೀರ,” ಎಂದು ಪಟ್ಟಿ ಬಿಚ್ಚಿದಳು.